ಮನೆಯವರಿಗೆ ಗೊತ್ತಾಗದಂತೆ ಒಳ್ಳೆಯ ವಾಚ್ ಕೊಡಿಸುವುದು ಹೇಗೆ? ಮಲೆನಾಡಿನ ಓದುಗರಿಗೆ

ಕಾಫಿ ಕೊಯ್ಲು ಮುಗಿದು ದುಡ್ಡು ಕೈಸೇರುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮದುವೆಯಾಗಿ ಇಪ್ಪತ್ತೈದು ವರ್ಷ ಆಗ್ತಾ ಬಂತು. ಮನೆಯವರಿಗೆ ಒಂದು ಒಳ್ಳೆ ವಾಚ್ ಕೊಡಿಸಬೇಕು, ಕೊಡೋವರೆಗೂ ಅವರಿಗೆ ಗೊತ್ತಾಗಬಾರದು. ಯಾವ ಕಂಪನಿದು ತಗೊಳ್ಳಲಿ?" ಹೆಂಡತಿಗೆ ಕೊಡಿಸಲು ಹೊರಟವರಷ್ಟೇ ಗಂಡನಿಗೆ ಕೊಡಿಸಲು ಹೊರಟವರೂ ಹೀಗೇ ಕೇಳುತ್ತಾರೆ.

ಕಂಪನಿಯ ಹೆಸರು ಹೇಳುವುದು ಸುಲಭ. ಆದರೆ ಹೆಸರಿನಿಂದ ಶುರುಮಾಡಿದ ಖರೀದಿ ಹೆಚ್ಚಾಗಿ ಬೀರುವಿನಲ್ಲೇ ಉಳಿದುಬಿಡುತ್ತದೆ. ಕಟ್ಟಿಕೊಳ್ಳುವವರ ಕೈ ಎಷ್ಟು ದಪ್ಪ, ಅವರ ದಿನ ಹೇಗೆ ಸಾಗುತ್ತದೆ, ವಾಚ್ ಕೆಟ್ಟರೆ ಅದನ್ನು ಎಲ್ಲಿಗೆ ಒಯ್ಯಬೇಕು, ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕಂಪನಿ ತಾನಾಗಿಯೇ ತೀರ್ಮಾನವಾಗುತ್ತದೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಇಟ್ಟಿದ್ದೇನೆ. ವಿಶೇಷ ದಿನಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಶುರುಮಾಡಿ.

1. ಒಂದು ವಾರ ಸುಮ್ಮನೆ ಗಮನಿಸಿ

ಅವರು ಈಗ ವಾಚ್ ಕಟ್ಟುತ್ತಾರೆಯೇ? ಯಾವ ಕೈಗೆ? ದಿನವಿಡೀ ಕಟ್ಟುತ್ತಾರೋ, ಮದುವೆ ಮುಂಜಿಗೆ ಹೊರಟಾಗ ಮಾತ್ರವೋ? ತೋಟ ಸುತ್ತುವವರೋ, ಶಾಲೆಯಲ್ಲಿ ಪಾಠ ಮಾಡುವವರೋ, ಬ್ಯಾಂಕಿನಲ್ಲಿ ಕೂರುವವರೋ? ತೊಡುವ ಒಡವೆ ಚಿನ್ನದ ಬಣ್ಣದ್ದೋ ಬೆಳ್ಳಿಯದೋ? ಇವನ್ನು ಕೇಳಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದೇ ಒಳ್ಳೆಯದು.

ಹಲವರು ಮರೆಯುವ ಎರಡು ವಿಷಯಗಳಿವೆ. ಮೊದಲನೆಯದು ಕಣ್ಣು. ನಲವತ್ತೈದು ದಾಟಿದವರಿಗೆ ಓದುವ ಕನ್ನಡಕ ಬಂದಿರುತ್ತದೆ. ಹೊಳೆಯುವ ಡಯಲ್ ಮೇಲೆ ಹೊಳೆಯುವ ಮುಳ್ಳುಗಳಿರುವ ವಾಚ್ ಅಂಗಡಿಯ ದೀಪದಡಿ ಎಷ್ಟೇ ಚೆನ್ನಾಗಿ ಕಂಡರೂ, ಮಳೆಗಾಲದ ಮಬ್ಬು ಬೆಳಕಿನಲ್ಲಿ ಅದರ ಸಮಯ ಕಾಣುವುದಿಲ್ಲ. ಬಿಳಿ ಡಯಲಿಗೆ ಕಪ್ಪು ಅಥವಾ ನೀಲಿ ಮುಳ್ಳು, ಕಪ್ಪು ಡಯಲಿಗೆ ಬಿಳಿ ಮುಳ್ಳು, ಹೀಗೆ ಎದ್ದು ಕಾಣುವ ಜೋಡಿಯನ್ನೇ ಆರಿಸಿ.

ಎರಡನೆಯದು ಚರ್ಮ. ಅಗ್ಗದ ಓಲೆ, ಸರ ಹಾಕಿದಾಗ ಅವರಿಗೆ ತುರಿಕೆಯೋ ಗುಳ್ಳೆಯೋ ಏಳುತ್ತಿದ್ದರೆ ನಿಕಲ್ ಲೋಹ ಒಗ್ಗುವುದಿಲ್ಲ ಎಂದು ಅನುಮಾನಿಸಬಹುದು. ವಾಚಿಗೆ ಬಳಸುವ 316ಎಲ್ ಸ್ಟೀಲಿನಲ್ಲೂ ನಿಕಲ್ ಇರುತ್ತದೆ. ಅದು ಹೊರಗೆ ಬಿಡುವ ಪ್ರಮಾಣ ಕಡಿಮೆ, ಹಾಗಾಗಿ ಬಹಳ ಜನರಿಗೆ ಏನೂ ಆಗುವುದಿಲ್ಲ. ಆದರೂ ಸೂಕ್ಷ್ಮ ಚರ್ಮದವರಿಗೆ ಟೈಟಾನಿಯಂ ಅಥವಾ ಸೆರಾಮಿಕ್ ಕೇಸ್ ಸುರಕ್ಷಿತ. ಡಯಲ್, ಮೆಷಿನ್ ಎಲ್ಲವನ್ನೂ ಹಿಡಿದಿರುವ ಹೊರ ಕವಚಕ್ಕೆ ಕೇಸ್ ಎನ್ನುತ್ತಾರೆ.

2. ಗೊತ್ತಾಗದಂತೆ ಕೈಯ ಅಳತೆ ತೆಗೆಯಿರಿ

ಹೆಚ್ಚು ಜನ ಎಡವುವುದು ಇಲ್ಲೇ. ಮನೆಯಲ್ಲಿ ಅವರ ಹಳೆಯ ವಾಚ್ ಇದ್ದರೆ ಅರ್ಧ ಕೆಲಸ ಆದಂತೆ. ಬೆಲ್ಟ್ ವಾಚ್ ಆದರೆ ಯಾವ ತೂತು ಸವೆದು ಅಗಲವಾಗಿದೆ ನೋಡಿ. ಬಕಲನ್ನು ಅದೇ ತೂತಿಗೆ ಹಾಕಿ, ಒಳಭಾಗದ ಸುತ್ತ ಒಂದು ದಾರ ಓಡಿಸಿ, ಆ ದಾರವನ್ನು ಸ್ಕೇಲ್ ಮೇಲಿಟ್ಟು ಅಳೆಯಿರಿ. ಚೈನ್ ವಾಚ್ ಆದರೆ ಲಾಕ್ ಹಾಕಿ ಹಾಗೆಯೇ ಒಳಸುತ್ತು ಅಳೆಯಿರಿ. ಜೊತೆಗೆ ಡಯಲ್ ಇರುವ ಕೇಸಿನ ಅಗಲವನ್ನೂ ಬರೆದಿಟ್ಟುಕೊಳ್ಳಿ.

ಬಳೆಯ ಅಳತೆಯನ್ನು ನಂಬಬೇಡಿ. ಎರಡು-ನಾಲ್ಕು, ಎರಡು-ಆರು ಎಂದು ಬಳೆ ಅಂಗಡಿಯವರು ಹೇಳುವುದು ಬಳೆಯ ಒಳವ್ಯಾಸ. ಎರಡು-ನಾಲ್ಕು ಎಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು. ಬಳೆ ಬೆರಳ ಗೆಣ್ಣುಗಳನ್ನು ದಾಟಿ ಒಳಹೋಗಬೇಕಲ್ಲ, ಹಾಗಾಗಿ ಆ ಅಳತೆ ಅಂಗೈಯದು. ಎರಡು-ಆರು ಬಳೆ ತೊಡುವವರ ಮಣಿಕಟ್ಟು ತೀರಾ ತೆಳ್ಳಗಿರಬಹುದು. ಈ ಲೆಕ್ಕದಲ್ಲಿ ವಾಚ್ ಕೊಂಡರೆ ಅದು ಮೊಣಕೈವರೆಗೂ ಜಾರುತ್ತದೆ.

ಹಳೆಯ ವಾಚೇ ಇಲ್ಲದಿದ್ದರೆ ಮಗಳನ್ನೋ ನಾದಿನಿಯನ್ನೋ ಅತ್ತಿಗೆಯನ್ನೋ ಗುಟ್ಟಿನಲ್ಲಿ ಸೇರಿಸಿಕೊಳ್ಳಿ. "ನನ್ನ ವಾಚ್ ನಿಮಗೆ ಹೇಗೆ ಕಾಣುತ್ತೆ, ಕಟ್ಟಿ ನೋಡಿ" ಎಂದು ಅವರು ಕೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಎಷ್ಟನೇ ತೂತಿಗೆ ಬಂತು ಎಂದು ನೋಡಿಕೊಂಡರೆ ಸಾಕು.

ಮಣಿಕಟ್ಟಿನ ಸುತ್ತಳತೆ 15 ಸೆಂಟಿಮೀಟರ್ ಆಸುಪಾಸಿದ್ದರೆ 28ರಿಂದ 34 ಮಿಲಿಮೀಟರ್ ಅಗಲದ ಕೇಸ್ ಒಪ್ಪುತ್ತದೆ. 17 ಸೆಂಟಿಮೀಟರ್ ಆದರೆ 36ರಿಂದ 40. ಇದು ಅಂದಾಜು, ಕಟ್ಟಳೆಯಲ್ಲ. ಅಗಲಕ್ಕಿಂತ ಮುಖ್ಯವಾದ ಇನ್ನೊಂದು ಅಳತೆ ಇದೆ. ಬೆಲ್ಟ್ ಸೇರುವ ಮೇಲಿನ ಕೊಕ್ಕೆಯ ತುದಿಯಿಂದ ಕೆಳಗಿನ ಕೊಕ್ಕೆಯ ತುದಿವರೆಗಿನ ಉದ್ದ ಅದು. ಈ ಕೊಕ್ಕೆಗಳಿಗೆ ಲಗ್ ಎನ್ನುತ್ತಾರೆ. ಲಗ್‌ಗಳು ಮಣಿಕಟ್ಟಿನ ಅಂಚು ದಾಟಿ ಹೊರಗೆ ಚಾಚಿದರೆ ವಾಚ್ ಎಷ್ಟೇ ಬೆಲೆಯದಾದರೂ ಬೇರೆಯವರದ್ದನ್ನು ಕಟ್ಟಿಕೊಂಡಂತೆ ಕಾಣುತ್ತದೆ. 10 ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಅದನ್ನು ಪಕ್ಕದಲ್ಲಿಟ್ಟುಕೊಂಡು ರಟ್ಟಿನಲ್ಲಿ 32, 36, 40ರ ವೃತ್ತಗಳನ್ನು ಕತ್ತರಿಸಿ ನೋಡಿದರೆ ಗಾತ್ರದ ಅಂದಾಜು ಕಣ್ಣಿಗೆ ಕೂರುತ್ತದೆ.

3. ಒಳಗಿನ ಮೆಷಿನ್ ಯಾವುದಿರಬೇಕು?

ವಾಚಿನೊಳಗೆ ಓಡುವ ಯಂತ್ರಕ್ಕೆ ಅಂಗಡಿಯವರು ಮೂವ್‌ಮೆಂಟ್ ಎನ್ನುತ್ತಾರೆ, ರಿಪೇರಿಯವರು ಮೆಷಿನ್ ಎನ್ನುತ್ತಾರೆ.

ಕ್ವಾರ್ಟ್ಜ್ ಎಂದರೆ ಸೆಲ್ ಹಾಕುವ ವಾಚ್. ಒಳಗಿನ ಪುಟ್ಟ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ, ಆ ಲೆಕ್ಕದ ಮೇಲೆ ಮುಳ್ಳು ನಡೆಯುತ್ತದೆ. ತಿಂಗಳಿಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ತಪ್ಪುವುದು ಅಪರೂಪ. ಎರಡು ಮೂರು ವರ್ಷಕ್ಕೊಮ್ಮೆ ಸೆಲ್ ಬದಲಿಸಬೇಕು. ನಿಂತುಹೋದ ವಾಚಿನಲ್ಲಿ ಸತ್ತ ಸೆಲ್ಲನ್ನು ವರ್ಷಗಟ್ಟಲೆ ಬಿಟ್ಟರೆ ಅದು ಸೋರಿ ಮೆಷಿನನ್ನೇ ತಿಂದುಹಾಕುತ್ತದೆ.

ಆಟೊಮ್ಯಾಟಿಕ್‌ಗೆ ಸೆಲ್ ಬೇಡ. ಕೈ ಆಡಿದಂತೆ ಒಳಗೊಂದು ಅರ್ಧಚಂದ್ರಾಕಾರದ ತೂಕ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಬಿಚ್ಚಿಟ್ಟ ಮೇಲೆ ಸಾಮಾನ್ಯವಾಗಿ 40 ಗಂಟೆಯ ಸುಮಾರು ಓಡಿ ನಿಲ್ಲುತ್ತದೆ. ಟಿಸೊ ಕಂಪನಿಯ ಪವರ್‌ಮ್ಯಾಟಿಕ್ 80ರಂಥವು 80 ಗಂಟೆವರೆಗೂ ಓಡುತ್ತವೆ. ದಿನಕ್ಕೆ ಕೆಲವು ಸೆಕೆಂಡು ಹಿಂದೆ ಮುಂದೆ ಆಗುವುದು ಸಹಜ, ಅದು ದೋಷವಲ್ಲ. ಸ್ವಿಟ್ಜರ್‌ಲೆಂಡಿನ ಸಿಒಎಸ್‌ಸಿ ಸಂಸ್ಥೆಯ ನಿಖರತೆಯ ಪರೀಕ್ಷೆ ದಾಟಿ ಕ್ರೋನೋಮೀಟರ್ ಎನಿಸಿಕೊಂಡ ಮೆಷಿನಿಗೂ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗಲು ಅವಕಾಶವಿದೆ. ಕ್ರೋನೋಗ್ರಾಫ್ ಎಂಬುದು ಬೇರೆಯೇ ಸಂಗತಿ. ಓಟದ ಸಮಯ ಅಳೆಯಲು ಗುಂಡಿಗಳಿರುವ ವಾಚ್ ಅದು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಕೀ ಕೊಡುವ ವಾಚ್ ನಮ್ಮ ಅಪ್ಪಂದಿರ ಕಾಲದಿಂದ ಗೊತ್ತಿರುವುದೇ. ಬೆಳಕಿನಿಂದ ಓಡುವ ಬಗೆಯೂ ಇದೆ, ಸಿಟಿಜನ್ ಕಂಪನಿಯ ಇಕೊ-ಡ್ರೈವ್ ಅದರಲ್ಲಿ ಹೆಸರುವಾಸಿ.

ನನ್ನ ಸಲಹೆ ಹೀಗಿದೆ. ಸಮಾರಂಭಕ್ಕೆ ಮಾತ್ರ ಕಟ್ಟುವವರಿಗೆ ಕ್ವಾರ್ಟ್ಜ್ ಕೊಡಿ. ಸೀರೆ ಉಟ್ಟು ಹೊರಡುವ ಅವಸರದಲ್ಲಿ ನಿಂತ ಆಟೊಮ್ಯಾಟಿಕ್‌ಗೆ ಸಮಯ, ತಾರೀಖು ಕೂರಿಸುತ್ತಾ ನಿಲ್ಲುವುದು ಯಾರಿಗೂ ಬೇಡ. ದಿನವೂ ಕಟ್ಟುವವರಿಗೆ, ಯಂತ್ರಗಳ ಮೇಲೆ ಪ್ರೀತಿ ಇರುವವರಿಗೆ ಆಟೊಮ್ಯಾಟಿಕ್ ಕೊಟ್ಟರೆ ಅದರ ಸುಖವೇ ಬೇರೆ. ದುಬಾರಿ ವಾಚ್ ಎಂದರೆ ಆಟೊಮ್ಯಾಟಿಕ್ಕೇ ಆಗಬೇಕು ಎಂಬ ಮಾತಿಗೆ ಕಿವಿಗೊಡಬೇಡಿ. ಕಾರ್ಟಿಯೆ ಕಂಪನಿಯ ಟ್ಯಾಂಕ್ 1917ರಲ್ಲಿ ರೂಪುಗೊಂಡ ವಿನ್ಯಾಸ, ಇವತ್ತಿಗೂ ಅದು ಕ್ವಾರ್ಟ್ಜ್ ಮೆಷಿನಿನಲ್ಲೂ ಸಿಗುತ್ತದೆ, ಅದರಿಂದ ಅದರ ಮರ್ಯಾದೆಯೇನೂ ಕಡಿಮೆಯಾಗಿಲ್ಲ.

4. ನಮ್ಮ ಮಳೆಗೆ ತಡೆಯುವುದೇ?

ಬೆಂಗಳೂರಿನ ಅಂಗಡಿಯವರು ಇದನ್ನು ಕೇಳುವುದಿಲ್ಲ, ನೀವೇ ಕೇಳಬೇಕು.

ವಾಚಿನ ಹಿಂದೆ 30 ಮೀಟರ್ ಎಂದು ಬರೆದಿದ್ದರೆ ಅದನ್ನು ಕಟ್ಟಿಕೊಂಡು 30 ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಅದು ಪ್ರಯೋಗಾಲಯದಲ್ಲಿ ನೀರಿನ ಒತ್ತಡ ಹಾಕಿ ನೋಡಿದ ಲೆಕ್ಕ. ಬಳಕೆಯಲ್ಲಿ 30 ಮೀಟರ್ ಎಂದರೆ ಕೈ ತೊಳೆಯುವಾಗ ಸಿಡಿದ ಹನಿ ತಡೆದೀತು, ಅಷ್ಟೇ. 50 ಮೀಟರಿನದು ಸಣ್ಣ ಮಳೆಗೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಓಡಾಡುವವರಿಗೆ, ಬೈಕಿನಲ್ಲಿ ಘಟ್ಟ ಹತ್ತಿಳಿಯುವವರಿಗೆ 100 ಮೀಟರ್, ಅದರಲ್ಲೂ ತಿರುಪಿನಂತೆ ಬಿಗಿಯುವ ಕೀ (ಸಮಯ ಕೂರಿಸಲು ಬದಿಯಲ್ಲಿರುವ ತಿರುಗುವ ಗುಂಡಿ) ಇರುವುದನ್ನೇ ತೆಗೆದುಕೊಳ್ಳಿ. ಆ ಕೀ ಸಡಿಲವಾಗಿದ್ದರೆ 200 ಮೀಟರ್ ವಾಚಿಗೂ ನೀರು ನುಗ್ಗುತ್ತದೆ. ಹಂಡೆಯ ಬಿಸಿನೀರಿನ ಸ್ನಾನಕ್ಕೆ ಯಾವ ವಾಚನ್ನೂ ಕಟ್ಟಿಕೊಂಡು ಹೋಗಬಾರದು. ನೀರು ತಡೆಯುವ ರಬ್ಬರ್ ವಾಷರ್ ಬಿಸಿಗೆ, ಸೋಪಿಗೆ ಬೇಗ ಹಾಳಾಗುತ್ತದೆ.

ಗಾಜಿನ ಒಳಗೆ ಮಂಜು ಕಟ್ಟಿದಂತೆ ಕಂಡರೆ ಒಲೆಯ ಪಕ್ಕ ಇಡುವುದು, ಅಕ್ಕಿಯಲ್ಲಿ ಹೂಳುವುದು ಬೇಡ. ತೇವ ಒಳಗೆ ಹೋಗಿದೆ ಎಂದರೆ ಮೆಷಿನ್ ತುಕ್ಕು ಹಿಡಿಯಲು ಶುರುವಾಗುತ್ತದೆ. ತಡಮಾಡದೆ ಸರ್ವಿಸಿಗೆ ಕೊಡಿ.

ಗಾಜಿನ ವಿಷಯದಲ್ಲಿ ಜಿಪುಣತನ ಬೇಡ. ಸಫೈರ್ ಎಂದು ಬರೆದಿರುವುದನ್ನೇ ಆರಿಸಿ. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ವಜ್ರಕ್ಕೆ 10, ಸಫೈರ್‌ಗೆ 9. ಬಾಗಿಲು, ಗೋಡೆ ತಾಗಿದರೂ ಸುಲಭಕ್ಕೆ ಗೀರು ಬೀಳುವುದಿಲ್ಲ. ಗಟ್ಟಿ ನೆಲಕ್ಕೆ ಬಿದ್ದರೆ ಒಡೆಯಬಹುದು, ಅದು ಬೇರೆ ಮಾತು.

ಚರ್ಮದ ಬೆಲ್ಟಿನ ಬಗ್ಗೆ ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಚಪ್ಪಲಿಗೆ, ಪರ್ಸಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ವಾಚಿನ ಬೆಲ್ಟಿಗೂ ಹಿಡಿಯುತ್ತದೆ. ಚರ್ಮ ಒಳಗೆ ಒಯ್ಯದ ಮಡಿಯ ಮನೆಗಳಿವೆ, ಚರ್ಮವನ್ನೇ ಮುಟ್ಟದ ಜೈನ ಕುಟುಂಬಗಳೂ ಹಾಸನದ ಕಡೆ ಇವೆ. ಅನುಮಾನವಿದ್ದರೆ ಸ್ಟೀಲ್ ಚೈನ್ ಇರುವುದನ್ನೇ ಕೊಳ್ಳಿ. ಲಗ್‌ಗಳ ನಡುವಿನ ಜಾಗ 18 ಅಥವಾ 20 ಮಿಲಿಮೀಟರಿನಂಥ ಸಾಮಾನ್ಯ ಅಳತೆಯದಾಗಿದ್ದರೆ ಮುಂದೆ ಬೇಕಾದ ಬೆಲ್ಟ್ ಹಾಕಿಸಬಹುದು.

ಬಂಗಾರದ ವಾಚ್ ಕೊಡಿಸುವ ಯೋಚನೆ ಇರುವವರಿಗೆ ಒಂದು ಎಚ್ಚರಿಕೆ. ನಾವು ಒಡವೆ ಮಾಡಿಸುವುದು 22 ಕ್ಯಾರೆಟ್ಟಿನಲ್ಲಿ. ವಾಚಿನ ಚಿನ್ನ ಸಾಮಾನ್ಯವಾಗಿ 18 ಕ್ಯಾರೆಟ್. ಮಾರಲು ಹೋದರೆ ಒಡವೆಯಂತೆ ತೂಕದ ಬೆಲೆಗೆ ಲೆಕ್ಕ ಹಾಕಿ ಕೊಟ್ಟ ದುಡ್ಡು ವಾಪಸ್ ಪಡೆಯಲಾಗದು. ಚಿನ್ನದ ಲೇಪನ ಮಾತ್ರ ಇರುವ ವಾಚು ಬೆವರಿಗೆ ಅಂಚಿನಲ್ಲಿ ಬಣ್ಣ ಬಿಡುತ್ತದೆ. ದಿನಬಳಕೆಗೆ ಸ್ಟೀಲೇ ಮೇಲು.

5. ಎಷ್ಟು ದುಡ್ಡು, ಯಾವ ಕಂಪನಿ

ಈಗ ಕಂಪನಿಯ ಮಾತಿಗೆ ಬರೋಣ. ಸುಮಾರು 30 ಸಾವಿರದಿಂದ 1 ಲಕ್ಷದೊಳಗೆ ಸೀಕೊ, ಸಿಟಿಜನ್, ಟಿಸೊಗಳಲ್ಲಿ ಬಹಳ ಒಳ್ಳೆಯ ವಾಚುಗಳಿವೆ. 1 ಲಕ್ಷ ದಾಟಿದರೆ ಲಾಂಜೀನ್ಸ್, ಸೆರಾಮಿಕ್ ಬೇಕೆನ್ನುವವರಿಗೆ ರಾಡೊ. ಒಮೆಗ, ಕಾರ್ಟಿಯೆ, ರೋಲೆಕ್ಸ್ ಎನ್ನುವವರು ಹಲವು ಲಕ್ಷಗಳನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ರೋಲೆಕ್ಸಿನ ಬೇಡಿಕೆಯ ಸ್ಟೀಲ್ ಮಾದರಿಗಳು ದುಡ್ಡು ಇದ್ದರೂ ಕೂಡಲೇ ಸಿಗುವುದಿಲ್ಲ, ಹೆಸರು ಬರೆಸಿ ಕಾಯಬೇಕು. ದಿನ ಗೊತ್ತಾಗಿರುವ ಉಡುಗೊರೆಗೆ ಅದನ್ನು ನಂಬಿ ಕೂರಬೇಡಿ.

ಕೊಳ್ಳುವ ಬೆಲೆಯ ಜೊತೆ ಸಾಕುವ ಬೆಲೆಯನ್ನೂ ಸೇರಿಸಿ. ಆಟೊಮ್ಯಾಟಿಕ್ ವಾಚನ್ನು ಐದಾರು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಬೇಕಾಗುತ್ತದೆ. ದೊಡ್ಡ ಕಂಪನಿಗಳಲ್ಲಿ ಅದಕ್ಕೇ ಹತ್ತಾರು ಸಾವಿರ ಆಗುತ್ತದೆ. ನಮ್ಮ ಪೇಟೆಯ ರಿಪೇರಿಯವರಲ್ಲಿ ಒಳ್ಳೆಯ ಕೈಗುಣದವರಿದ್ದಾರೆ, ಆದರೆ ಈ ವಾಚುಗಳ ಬಿಡಿಭಾಗವನ್ನು ಕಂಪನಿಗಳು ಹೊರಗಿನವರಿಗೆ ಸುಲಭಕ್ಕೆ ಕೊಡುವುದಿಲ್ಲ. ಬೆಂಗಳೂರಿನಲ್ಲಿ ಸರ್ವಿಸ್ ವ್ಯವಸ್ಥೆ ಇದೆಯೇ, ಅಂಗಡಿಯವರೇ ವಾಚ್ ಪಡೆದು ಕಳಿಸುತ್ತಾರೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಖಾತ್ರಿಯ ಅವಧಿಯೂ ಕಂಪನಿಯಿಂದ ಕಂಪನಿಗೆ ಬೇರೆ. ರೋಲೆಕ್ಸ್, ಒಮೆಗಗಳಿಗೆ 5 ವರ್ಷವಿದೆ, ಎರಡೇ ವರ್ಷ ಕೊಡುವ ಕಂಪನಿಗಳೂ ಇವೆ.

ಇಷ್ಟು ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ನಾನು ಪ್ರೀತಿಯಿಂದ ಹೇಳುವ ಇನ್ನೊಂದು ದಾರಿ ಇದೆ. ಮನೆಯಲ್ಲಿ ಮಾವನವರದ್ದೋ ಅಜ್ಜನದ್ದೋ ನಿಂತುಹೋದ ಎಚ್‌ಎಂಟಿ ಇದೆಯೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ವಾಚುಗಳು ಮುಂದೆ ತುಮಕೂರಿನಲ್ಲೂ ತಯಾರಾದವು. ಜನತಾ, ಪೈಲಟ್‌ನಂಥ ಕೀ ಕೊಡುವ ವಾಚುಗಳನ್ನು ಸರಿಮಾಡಬಲ್ಲವರು ಇನ್ನೂ ಇದ್ದಾರೆ. ತವರಿನ ವಾಚ್ ಮತ್ತೆ ಟಿಕ್ ಟಿಕ್ ಎಂದರೆ ಅದಕ್ಕೆ ಬೆಲೆ ಕಟ್ಟುವವರಾರು? ಆದರೆ ಅಂತರ್ಜಾಲದಲ್ಲಿ ಬಣ್ಣಬಣ್ಣದ ಡಯಲಿನ "ಹಳೆಯ ಎಚ್‌ಎಂಟಿ" ಕೊಳ್ಳಬೇಡಿ. ಅವುಗಳಲ್ಲಿ ಹೆಚ್ಚಿನವು ಹೊಸ ಡಯಲ್ ಬಡಿದು, ಅಲ್ಲಿ ಇಲ್ಲಿಯ ಭಾಗ ಸೇರಿಸಿ ಕಟ್ಟಿದಂಥವು.

6. ಎಲ್ಲಿ ಕೊಳ್ಳುವುದು, ಬಿಲ್ ಹೇಗೆ ಪಡೆಯುವುದು

ಸೀಕೊ, ಸಿಟಿಜನ್, ಟಿಸೊಗಳಿಗೆ ಮೊದಲು ಹಾಸನ, ಚಿಕ್ಕಮಗಳೂರಿನಲ್ಲೇ ವಿಚಾರಿಸಿ. ಅಂಗಡಿ ಕಂಪನಿಯ ಅಧಿಕೃತ ಮಾರಾಟಗಾರರ ಪಟ್ಟಿಯಲ್ಲಿದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಅದಕ್ಕೂ ಮೇಲಿನವುಗಳಿಗೆ ಬೆಂಗಳೂರೇ ಗತಿ, ಯು.ಬಿ. ಸಿಟಿಯಂಥ ಕಡೆ ಒಂದೇ ಸುತ್ತಿನಲ್ಲಿ ಹಲವು ಕಂಪನಿ ನೋಡಬಹುದು.

"ಫಸ್ಟ್ ಕಾಪಿ" ಎಂದು ಮೊಬೈಲಿನಲ್ಲಿ ಬರುವ ಫೋಟೊಗಳೆಲ್ಲ ನಕಲಿ. ಪೆಟ್ಟಿಗೆ, ಕಾರ್ಡ್ ಎಲ್ಲವನ್ನೂ ಅಚ್ಚುಕಟ್ಟಾಗಿ ನಕಲು ಮಾಡಿರುತ್ತಾರೆ. ಪ್ರೀತಿಯಿಂದ ಕೊಟ್ಟ ವಾಚನ್ನು ಸರ್ವಿಸ್ ಕೌಂಟರಿನಲ್ಲಿ "ಇದು ನಮ್ಮದಲ್ಲ" ಎಂದು ವಾಪಸ್ ಕೊಟ್ಟರೆ, ಅಲ್ಲಿ ತಲೆತಗ್ಗಿಸಬೇಕಾದವರು ಅದನ್ನು ಕಟ್ಟಿಕೊಂಡು ಹೋದವರು. ಇನ್ನು ಅಸಲಿಯೇ ಆದರೂ ಅಧಿಕೃತವಲ್ಲದ ದಾರಿಯಲ್ಲಿ ಬಂದ ವಾಚುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವಕ್ಕೆ ಕಂಪನಿಯ ಖಾತ್ರಿ ಸಿಗದೆ ಹೋಗಬಹುದು. ದುಬೈಯಿಂದ ಭಾವ ತರುತ್ತಾರೆ ಎನ್ನುವವರು, ಸುಂಕರಹಿತ ಮಿತಿ ದಾಟಿದ ವಾಚನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಿ ಸುಂಕ ಕಟ್ಟಲು ಅವರಿಗೆ ಹೇಳಿ.

ಬಿಲ್ ಮೇಲೆ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ ಎರಡೂ ಇರಬೇಕು. ಅದೇ ಸೀರಿಯಲ್ ಸಂಖ್ಯೆ ಖಾತ್ರಿ ಕಾರ್ಡಿನಲ್ಲೂ ವಾಚಿನ ಮೇಲೂ ಇದೆಯೇ ನೋಡಿ. ಕಾರ್ಡಿನಲ್ಲಿ ಖರೀದಿಯ ತಾರೀಖು, ಅಂಗಡಿಯ ಹೆಸರು ದಾಖಲಾಗಿರಬೇಕು.

ಕಾಫಿ ಮಾರಿದ ದುಡ್ಡನ್ನು ನಗದಾಗಿ ಇಟ್ಟುಕೊಂಡವರು ಗಮನಿಸಿ. ಒಂದು ಖರೀದಿಗೆ 2 ಲಕ್ಷ ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯಲು ಅಂಗಡಿಯವರಿಗೆ ಕಾನೂನಿನ ಅನುಮತಿ ಇಲ್ಲ, ಕಂತಾಗಿ ಕೊಟ್ಟರೂ ಅಷ್ಟೇ. ದೊಡ್ಡ ಖರೀದಿಗೆ ಪ್ಯಾನ್ ಕಾರ್ಡ್ ಒಯ್ಯಿರಿ. 10 ಲಕ್ಷ ದಾಟಿದ ಕೈಗಡಿಯಾರಕ್ಕೆ 2025ರ ಏಪ್ರಿಲ್ 22ರಿಂದ ಶೇ. 1ರಷ್ಟು ತೆರಿಗೆಯನ್ನು ಅಂಗಡಿಯಲ್ಲೇ ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಸಿದರೆ ಹೊಂದಿಸಿಕೊಳ್ಳಬಹುದು. ಕೃಷಿ ಆದಾಯ ಮಾತ್ರ ಇರುವವರು ವಿವರ ಸಲ್ಲಿಸದೆ ಬಿಟ್ಟರೆ ಆ ಹಣ ಅಲ್ಲೇ ಉಳಿಯುತ್ತದೆ. ಗಂಡ ಹೆಂಡತಿ ಪರಸ್ಪರ ಕೊಡುವ ಉಡುಗೊರೆಗೆ, ಪಡೆದವರ ಮೇಲೆ ತೆರಿಗೆ ಇಲ್ಲ.

7. ಗುಟ್ಟು ರಟ್ಟಾಗುವುದು ಎಲ್ಲಿಂದ?

ಬ್ಯಾಂಕಿನ ಸಂದೇಶದಿಂದ. ಜಂಟಿ ಖಾತೆಯಿಂದ ಕೊಟ್ಟರೆ ನೀವು ಅಂಗಡಿ ಬಿಟ್ಟು ಹೊರಬರುವ ಮೊದಲೇ ಅವರ ಮೊಬೈಲಿಗೆ ಸುದ್ದಿ ಮುಟ್ಟಿರುತ್ತದೆ. ಅಂಗಡಿಯಲ್ಲಿ ಮನೆಯ ನಂಬರ್ ಕೊಡಬೇಡಿ, "ನಿಮ್ಮ ವಾಚ್ ಬಂದಿದೆ" ಎಂದು ಕರೆ ಬರುತ್ತದೆ. ಕೊರಿಯರ್ ಆದರೆ ಸ್ನೇಹಿತರ ಅಂಗಡಿಯ ವಿಳಾಸ ಕೊಡಿ. ಬೆಂಗಳೂರಿಗೆ ಹೋಗಲು ಕಾಯಿಲೆ, ಸಾಲ, ಕೋರ್ಟು ಎಂಬ ನೆಪ ಹೂಡಬೇಡಿ. ಮನೆಯವರು ನಾಲ್ಕು ದಿನ ಅನ್ನ ನೀರು ಬಿಟ್ಟು ಕೂತರೆ ವಾಚಿನ ಸಂತೋಷಕ್ಕಿಂತ ಆ ನೋವೇ ದೊಡ್ಡದಾಗುತ್ತದೆ. ಸಂಸಾರದಲ್ಲಿ ದೊಡ್ಡ ಖರ್ಚನ್ನೆಲ್ಲ ಇಬ್ಬರೂ ಕೂತು ತೀರ್ಮಾನಿಸುವ ರೂಢಿ ಇದ್ದರೆ, ಮೊತ್ತದ ಬಗ್ಗೆ ಮೊದಲೇ ಮಾತಾಡಿ ಯಾವ ವಾಚ್ ಎಂಬುದನ್ನಷ್ಟೇ ಗುಟ್ಟಾಗಿಡಿ. ಎಷ್ಟೋ ಮನೆಗಳಿಗೆ ಇದೇ ಒಳ್ಳೆಯದು ಎಂದು ನನಗೆ ಅನಿಸುತ್ತದೆ.

ಬಚ್ಚಿಡುವ ಜಾಗ ಒಣಗಿರಲಿ. ಅಟ್ಟ, ಕಾಫಿ ಗೋದಾಮು ಬೇಡ. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ, ಸ್ಪೀಕರಿನಂಥ ಅಯಸ್ಕಾಂತ ಇರುವ ವಸ್ತುಗಳಿಂದ ದೂರ ಇಡಿ. ಅಯಸ್ಕಾಂತ ತಾಗಿದ ಆಟೊಮ್ಯಾಟಿಕ್ ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಬಹುದು.

ಹಿಂಭಾಗದಲ್ಲಿ ಹೆಸರು, ತಾರೀಖು ಕೆತ್ತಿಸುವ ಆಸೆ ಇದ್ದರೆ ಕೊಟ್ಟ ಮೇಲೆ ಕೆತ್ತಿಸಿ. ಕೆತ್ತಿದ ವಾಚನ್ನು ಯಾವ ಅಂಗಡಿಯೂ ಬದಲಿಸಿಕೊಡುವುದಿಲ್ಲ, ಹಿಂಭಾಗ ಗಾಜಿನದಾದರೆ ಕೆತ್ತಲು ಜಾಗವೇ ಇರುವುದಿಲ್ಲ. ಕೆತ್ತನೆಗೆಂದೇ ಹೇಳಿ ಮಾಡಿಸಿದಂಥ ವಾಚ್ ಎಂದರೆ ಜೇಗರ್-ಲಕೂಲ್ತ್ರ್ ಕಂಪನಿಯ ರಿವರ್ಸೊ. ಭಾರತದಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಸೇನಾಧಿಕಾರಿಗಳ ವಾಚಿನ ಗಾಜು ಆಟದಲ್ಲಿ ಒಡೆಯುತ್ತಿತ್ತು. ಡಯಲನ್ನು ಮಗುಚಿ ಲೋಹದ ಬೆನ್ನು ಮೇಲೆ ಬರುವಂತೆ ಮಾಡಿದ ಈ ವಿನ್ಯಾಸ 1931ರಲ್ಲಿ ಬಂತು. ಆ ಬೆನ್ನಿನ ಮೇಲೆ ಹೆಸರು ಕೆತ್ತಿಸುವ ರೂಢಿ ಇವತ್ತಿಗೂ ಇದೆ.

8. ಕೊಟ್ಟ ಮೇಲೆ

ಚೈನಿನ ಕೊಂಡಿಗಳನ್ನು ಮೊದಲೇ ತೆಗೆಸಬೇಡಿ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕೀಳಬೇಡಿ. ಇಷ್ಟವಾಗದಿದ್ದರೆ ಬದಲಿಸಲು ಅವು ಹಾಗೇ ಇರಬೇಕು. ಬದಲಿಸಲು ಎಷ್ಟು ದಿನದ ಅವಕಾಶವಿದೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡು ಬನ್ನಿ. ಅವರು ಕೈಗೆ ಹಾಕಿ, ಎರಡು ದಿನ ಬೆಳಕಿನಲ್ಲಿ ನೋಡಿ, "ಇದೇ ಇರಲಿ" ಎಂದ ಮೇಲೆ ಕೊಂಡಿ ತೆಗೆಸಿ. ಸಂಜೆ ಹೊತ್ತಿಗೆ ಕೈ ಸ್ವಲ್ಪ ಊದಿರುತ್ತದೆ, ಆಗ ಅಳತೆ ನೋಡಿದರೆ ಬಿಗಿ ಆಗುವುದಿಲ್ಲ. ತೆಗೆದ ಕೊಂಡಿಗಳನ್ನು ಪೆಟ್ಟಿಗೆಯಲ್ಲೇ ಇಡಿ.

ಆಟೊಮ್ಯಾಟಿಕ್ ಕೊಟ್ಟಿದ್ದರೆ ಎರಡು ಮಾತು ಹೇಳಿಕೊಡಿ. ನಿಂತ ವಾಚಿಗೆ ಮೊದಲು ಕೀಯನ್ನು ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ ಆಮೇಲೆ ಸಮಯ ಕೂರಿಸಬೇಕು. ವಾಚ್ ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವಿನ ಸಮಯ ತೋರಿಸುತ್ತಿದ್ದರೆ ತಾರೀಖನ್ನು ಕೈಯಿಂದ ಬದಲಿಸಬಾರದು, ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಚಕ್ರ ಸಿಕ್ಕಿಕೊಂಡಿರುತ್ತದೆ, ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಕಳೆ ಕೊಚ್ಚುವ ಮೆಷಿನ್, ಮರ ಕೊಯ್ಯುವ ಗರಗಸ ಹಿಡಿಯುವಾಗ ಬಿಚ್ಚಿಡಲು ಹೇಳಿ. ಬಿಲ್, ಖಾತ್ರಿ ಕಾರ್ಡ್, ಸೀರಿಯಲ್ ಸಂಖ್ಯೆ ಮೂರರ ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಕಳವಾದರೆ ಪೊಲೀಸ್ ದೂರಿಗೆ, ವಿಮೆ ಮಾಡಿಸಿದ್ದರೆ ಅದರ ಪರಿಹಾರಕ್ಕೆ ಮೊದಲು ಕೇಳುವುದು ಆ ಸಂಖ್ಯೆಯನ್ನೇ.